ಮೇಲಿನ ಮನೆ ಅಜ್ಜಿಯ ಅಪ್ಪನ ಕಾಗದಗಳು

ಮ್ಯೂನಿಕ್‌ನಲ್ಲಿ ನಾವಿರುವ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೂರನೇ ಮಹಡಿಯ ಅಜ್ಜಿಗೆ ವಾರಕ್ಕೊಂದು ಸಲ ನೀರಿನ ಬಾಟಲಿಗಳ ಕ್ರೇಟು ಹೊತ್ತು ಕೊಡುತ್ತಿದ್ದೆ, ಪರಿಚಯ ಬೆಳೆದಿದ್ದೇ ಹಾಗೆ. ನಾನು ಕ್ರೇಟು ಇಳಿಸುವುದು, ಅವರು ಕಾಫಿ ಕೊಡುವುದು. ನಮ್ಮ ಹಾಸನದ ಕಾಫಿ ಪುಡಿ ಒಂದು ಸಲ ಕೊಟ್ಟ ಮೇಲೆ ಅವರ ಕಾಫಿಯೂ ಸ್ವಲ್ಪ ಸುಧಾರಿಸಿತು ಅನ್ನಿ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದಿನ ಕೇಳಿದರು, "ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ವಾ, ಒಂದು ಅರ್ಜಿ ತುಂಬಿಸಿ ಕೊಡ್ತೀರಾ?" ಪಿಂಚಣಿಯದ್ದೋ ಗ್ಯಾಸಿನದ್ದೋ ಇರಬೇಕು ಅಂದುಕೊಂಡು ಹೂಂ ಅಂದೆ. ನೋಡಿದರೆ ಬಾಟ್ ಆರೋಲ್ಸನ್ ಅನ್ನೋ ಊರಿನಲ್ಲಿರುವ, ನಾಜಿಗಳ ಕೈಗೆ ಸಿಕ್ಕಿ ನರಳಿದವರ ದಾಖಲೆ ಸಂಗ್ರಹಕ್ಕೆ ಬರೆಯಬೇಕಾದ ಅರ್ಜಿ. ಅವರ ಅಪ್ಪನ ಬಗ್ಗೆ ಅಲ್ಲಿ ಏನಾದರೂ ಕಾಗದ ಇದೆಯಾ ಅಂತ ಕೇಳುವುದಿತ್ತು. ಅಪ್ಪ ತೀರಿಕೊಂಡಿದ್ದು 1979ರಲ್ಲಿ. ಅಷ್ಟು ವರ್ಷ ಯಾಕೆ ಕೇಳಲಿಲ್ಲ ಅಂದಿದ್ದಕ್ಕೆ, "ಅಮ್ಮ ಇರೋವರೆಗೆ ಕೇಳೋ ಹಾಗಿರಲಿಲ್ಲ, ಆಮೇಲೆ ಧೈರ್ಯ ಇರಲಿಲ್ಲ" ಅಂದರು. ಅಷ್ಟೇ.

ಅಜ್ಜಿ ಹುಟ್ಟಿದ್ದು 1948ರಲ್ಲಿ, ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಫ್ಯೋರೆನ್‌ವಾಲ್ಡ್ ಶಿಬಿರದಲ್ಲಿ. ಇದು ನಾಜಿಗಳ ಸಾವಿನ ಶಿಬಿರ ಅಲ್ಲ, ಯುದ್ಧ ಮುಗಿದ ಮೇಲೆ ಬದುಕಿ ಉಳಿದ ಯಹೂದಿಗಳನ್ನು ಇಟ್ಟಿದ್ದ ಜಾಗ. ನನಗೆ ಇದೇ ಹೊಸ ವಿಷಯ. ನಾನು ಓದಿದ ಇತಿಹಾಸದಲ್ಲಿ 1945ರ ಮೇ ತಿಂಗಳಿಗೆ ಯುದ್ಧ ಮುಗಿಯುತ್ತದೆ, ಬಾಗಿಲು ತೆಗೆಯುತ್ತಾರೆ, ಎಲ್ಲರೂ ಮನೆಗೆ ಹೋಗುತ್ತಾರೆ. ಮನೆಯೇ ಇಲ್ಲದವರು ಎಲ್ಲಿಗೆ ಹೋದರು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅರ್ಜಿ ಆನ್‌ಲೈನ್‌ನಲ್ಲೇ ಇದೆ, ಮನೆಯವರು ಕೇಳಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೆಸರು, ಹುಟ್ಟಿದ ದಿನ, ಊರು, ನಿಮಗೇನಾಗಬೇಕು, ಯಾಕೆ ಹುಡುಕುತ್ತಿದ್ದೀರಿ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮೊದಲನೇ ಖಾನೆಯಲ್ಲೇ ಸಿಕ್ಕಿಹಾಕಿಕೊಂಡೆವು.

ಅವರ ಮನೆತನದ ಹೆಸರು ಪೋಲಿಷ್‌ನಲ್ಲಿ ಒಂಥರ, ಅಲ್ಲಿನ ಯಹೂದಿಗಳ ಮನೆಮಾತಾದ ಯಿದ್ದಿಷ್‌ನಲ್ಲಿ ಇನ್ನೊಂಥರ. ಜರ್ಮನ್ ಗುಮಾಸ್ತ ಕೇಳಿಸಿಕೊಂಡು ಬರೆದಿದ್ದೇ ಬೇರೆ, ಅಮೆರಿಕದವನು ಟೈಪ್ ಮಾಡಿದ್ದು ಮತ್ತೂ ಬೇರೆ. ಅಜ್ಜಿಯ ಈಗಿನ ಕಾಗದಗಳಲ್ಲಿ ಇರುವುದು ಕೊನೆಯದು. ಅಪ್ಪನ ಮೊದಲ ಹೆಸರಿಗೂ ಹೀಗೇ ಮೂರು ರೂಪ. ಹುಟ್ಟಿದ ಊರು ಪೋಲೆಂಡಿನ ವೂಚ್. 1940ರಲ್ಲಿ ಜರ್ಮನ್ನರು ಅದಕ್ಕೆ ಲಿಟ್ಸ್‌ಮನ್‌ಶ್ಟಾಟ್ ಅಂತ ಹೆಸರು ಬದಲಾಯಿಸಿದ್ದರಿಂದ ಊರಿಗೂ ಎರಡು ಹೆಸರು. ಹುಟ್ಟಿದ ದಿನ ಕೇಳಿದರೆ "ಜುಲೈ 3 ಅಂತ ಕೇಕ್ ಮಾಡ್ತಿದ್ವಿ, ಆದರೆ ಒಂದು ಕಾಗದದಲ್ಲಿ ಮಾರ್ಚ್ 7 ಅಂತಿದೆ" ಅಂದರು. ಇದು ನನಗೆ ತಕ್ಷಣ ಹೊಳೆಯಿತು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ಯೂರೋಪಿನವರು ದಿನ ಮೊದಲು ಬರೆಯುತ್ತಾರೆ. 3-7 ಅಂತ ಒಬ್ಬ ಬರೆದಿದ್ದನ್ನು ಇನ್ನೊಬ್ಬ ತಿರುಗಿಸಿ ಓದಿದ್ದಾನೆ, ಅಷ್ಟೇ. ಕಂಪ್ಯೂಟರ್ ಕೆಲಸ ಮಾಡುವವರಿಗೆ ಈ ತಲೆನೋವು ದಿನಾ ಇದ್ದದ್ದೇ.

ನಮ್ಮಲ್ಲೂ ಇದೇ ಕಥೆ ತಾನೇ. ನನ್ನ ಅಪ್ಪನ ಹೆಸರು ಪಹಣಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ತಿದ್ದಿಸುವುದಕ್ಕೆ ನಾನು ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆದಿದ್ದೇನೋ. ಆದರೆ ಆರೋಲ್ಸನ್‌ನವರು ಈ ಗೋಜಲಿಗೆ ಯಾವತ್ತೋ ಒಂದು ದಾರಿ ಕಂಡುಕೊಂಡಿದ್ದಾರೆ. ಅವರ ಹಳೆಯ ಹೆಸರುಪಟ್ಟಿಯಲ್ಲಿ ಸುಮಾರು 1.75 ಕೋಟಿ ಜನರ ಹೆಸರಿದೆ, ಕಾರ್ಡುಗಳೇ ಸುಮಾರು 5 ಕೋಟಿ. ಅವನ್ನು ಕಾಗುಣಿತದ ಪ್ರಕಾರ ಜೋಡಿಸದೆ ಉಚ್ಚಾರಣೆಯ ಪ್ರಕಾರ ಜೋಡಿಸಿದ್ದಾರೆ. ಅಬ್ರಾಮೊವಿಚ್ ಅನ್ನೋ ಒಂದೇ ಹೆಸರು ನೂರಾರು ರೀತಿ ಬರೆದಿದ್ದು ಸಿಗುತ್ತದಂತೆ, ಎಲ್ಲವೂ ಒಂದೇ ಕಡೆ ಬಂದು ಕೂರುತ್ತವೆ. ನಾವು ಗೊತ್ತಿದ್ದ ಎಲ್ಲ ರೂಪಗಳನ್ನೂ ಷರಾ ಖಾನೆಯಲ್ಲಿ ತುಂಬಿ, ಎರಡೂ ಜನ್ಮದಿನ ಹಾಕಿ, ಕಳಿಸಿದೆವು. ತಿಂಗಳುಗಟ್ಟಲೆ ಆಗಬಹುದು ಅಂತ ಉತ್ತರ ಬಂತು. ಆಯ್ತು ಅಂತ ಬಿಟ್ಟೆವು.

ಕಾಯುವಾಗ ಸುಮ್ನೆ ಕೂರಲಾರದೆ ಒಂದು ಭಾನುವಾರ ಫ್ಯೋರೆನ್‌ವಾಲ್ಡ್‌ಗೇ ಹೋದೆವು. ಎಸ್7 ರೈಲಿನ ಕೊನೆಯ ನಿಲ್ದಾಣ ವೋಲ್ಫ್‌ರಾಟ್ಸ್‌ಹೌಸನ್, ಅಲ್ಲಿಂದ ಬಸ್. ಆ ಹೆಸರಿನ ಜಾಗ ಈಗ ಇಲ್ಲ, ವಾಲ್ಡ್‌ರಾಮ್ ಅಂತ ಕರೆಯುತ್ತಾರೆ. ಸಾಲಾಗಿ ಚಿಕ್ಕ ಚಿಕ್ಕ ಮನೆಗಳು, ಅಂಗಳದಲ್ಲಿ ಮಕ್ಕಳ ಜಾರುಬಂಡೆ. ಈ ಮನೆಗಳನ್ನು ಮೊದಲು ಕಟ್ಟಿಸಿದ್ದು ನಾಜಿ ಕಾಲದಲ್ಲಿ, ಪಕ್ಕದ ಕಾಡಿನಲ್ಲಿದ್ದ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರಿಗೆ. 1945ರಲ್ಲಿ ಅಮೆರಿಕದ ಸೈನ್ಯ ವಶಕ್ಕೆ ತೆಗೆದುಕೊಂಡು ನೆಲೆ ತಪ್ಪಿದವರನ್ನು ತಂದು ಇಟ್ಟಿತು, ರಸ್ತೆಗಳಿಗೆ ಅಮೆರಿಕದ ರಾಜ್ಯಗಳ ಹೆಸರಿಟ್ಟಿತು. ಅಜ್ಜಿ ಒಂದು ತಿರುವಿನಲ್ಲಿ ನಿಂತು "ಇದು ಮಿಷಿಗನ್ ರಸ್ತೆ" ಅಂದರು. ಈಗಿನ ಫಲಕದಲ್ಲಿ ಬೇರೆ ಏನೋ ಹೆಸರಿತ್ತು. ಅವರು ಅದನ್ನು ನೋಡಲೂ ಇಲ್ಲ.

ಅಲ್ಲಿದ್ದ ಹಳೇ ಸ್ನಾನದ ಮನೆಯನ್ನು ಊರಿನವರೇ ಸೇರಿ ಉಳಿಸಿಕೊಂಡು 2018ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಟಿಕೆಟ್ ಕೊಡುವವರಿಂದ ಹಿಡಿದು ವಿವರಿಸುವವರವರೆಗೆ ಹೆಚ್ಚಿನವರು ಸ್ವಯಂಸೇವಕರು. ಹೆಂಗಸೊಬ್ಬರು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದರು. ಅಜ್ಜಿ ಇಲ್ಲೇ ಹುಟ್ಟಿದ್ದು ಅಂತ ಗೊತ್ತಾದ ಮೇಲೆ ವಿವರಣೆ ನಿಲ್ಲಿಸಿ ಕುರ್ಚಿ ತಂದು ಕೊಟ್ಟು ಅವರೇ ಕೇಳುತ್ತಾ ಕೂತರು.

ನಾನು ಆವತ್ತು ಮತ್ತು ಆಮೇಲೆ ಓದಿ ತಿಳಿದುಕೊಂಡಿದ್ದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಗದಗಳ ಕಥೆ ಅರ್ಥವಾಗುವುದಿಲ್ಲ. ಯುದ್ಧ ಮುಗಿದಾಗ ಜರ್ಮನಿಯಲ್ಲಿ ಲಕ್ಷಾಂತರ ಪರದೇಶದ ಜನ ಇದ್ದರು, ಕೂಲಿಗೆ ಎಳೆದು ತಂದವರು, ಕೈದಿಗಳು, ಎಲ್ಲ. ಇವರಿಗೆಲ್ಲ ಡಿ.ಪಿ. ಅಂತ ಹೆಸರು, ಡಿಸ್‌ಪ್ಲೇಸ್ಡ್ ಪರ್ಸನ್, ಅಂದರೆ ನೆಲೆ ತಪ್ಪಿದವರು. ಫ್ರೆಂಚರು, ಡಚ್ಚರು ಕೆಲವೇ ವಾರದಲ್ಲಿ ಊರು ಸೇರಿದರು. ಯಹೂದಿಗಳನ್ನು ಮೊದಮೊದಲು ಅವರವರ ದೇಶದವರ ಜೊತೆಯಲ್ಲೇ ಹಾಕಿದ್ದರು. ಪೋಲೆಂಡಿನ ಯಹೂದಿಯನ್ನು ಪೋಲೆಂಡಿನವರ ಜೊತೆ. ಅವರಲ್ಲಿ ಕೆಲವರು ಯುದ್ಧಕಾಲದಲ್ಲಿ ಇವರನ್ನೇ ಹಿಡಿದುಕೊಟ್ಟವರಾಗಿದ್ದರೂ ಕೇಳುವವರಿಲ್ಲ. ಕೆಲವು ಕಡೆ ಮುಳ್ಳುತಂತಿ ಹಾಗೇ ಇತ್ತು, ಮೈಮೇಲೆ ಅದೇ ಪಟ್ಟೆಪಟ್ಟೆ ಬಟ್ಟೆ. 1945ರ ಬೇಸಿಗೆಯಲ್ಲಿ ಅರ್ಲ್ ಹ್ಯಾರಿಸನ್ ಅನ್ನುವ ಅಮೆರಿಕದ ವಕೀಲ ಬಂದು ಶಿಬಿರಗಳನ್ನೆಲ್ಲ ನೋಡಿಕೊಂಡು ಹೋಗಿ ಅಧ್ಯಕ್ಷ ಟ್ರೂಮನ್‌ಗೆ ವರದಿ ಕೊಟ್ಟ. ನಾಜಿಗಳು ನಡೆಸಿಕೊಂಡ ಹಾಗೇ ನಾವೂ ನಡೆಸಿಕೊಳ್ಳುತ್ತಿದ್ದೇವೆ ಅನಿಸುತ್ತದೆ, ಕೊಲ್ಲುವುದೊಂದನ್ನು ಬಿಟ್ಟು ಅಂತ ಅದರಲ್ಲಿ ಬರೆದಿದ್ದ. ಅದಾದ ಮೇಲೆ ಅಮೆರಿಕದ ವಲಯದಲ್ಲಿ ಯಹೂದಿಗಳಿಗೇ ಬೇರೆ ಶಿಬಿರಗಳಾದವು. ಲ್ಯಾಂಡ್ಸ್‌ಬರ್ಗ್, ಈ ಫ್ಯೋರೆನ್‌ವಾಲ್ಡ್.

ನಡೆಸಿದ್ದು ಉನ್ರಾ ಅನ್ನುವ, ಯುದ್ಧದಲ್ಲಿ ನೊಂದವರಿಗೆ ನೆರವು ಕೊಡುವ ಸಂಸ್ಥೆ. 1943ರ ನವೆಂಬರಿನಲ್ಲಿ 44 ದೇಶಗಳು ಸಹಿ ಹಾಕಿ ಕಟ್ಟಿದ್ದು, ಅದರಲ್ಲಿ ಬ್ರಿಟಿಷರ ಕೈಕೆಳಗಿದ್ದ ನಮ್ಮ ಭಾರತವೂ ಇತ್ತು. ಅದೇ ವರ್ಷ ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದರು ಅನ್ನುವುದು ನೆನಪಾಗಿ ನನಗೆ ಒಂಥರಾ ಆಯಿತು. ಇರಲಿ. ಉನ್ರಾ ಜೊತೆಗೆ 'ಜಾಯಿಂಟ್' ಅಂತ ಕರೆಸಿಕೊಳ್ಳುತ್ತಿದ್ದ ಅಮೆರಿಕದ ಯಹೂದಿಗಳ ನೆರವು ಸಂಸ್ಥೆ ಊಟ, ಬಟ್ಟೆ, ಪುಸ್ತಕ ತರುತ್ತಿತ್ತು. ಓರ್ಟ್ ಅನ್ನುವ ಸಂಸ್ಥೆ ಹೊಲಿಗೆ, ಬಡಗಿ ಕೆಲಸ, ಕರೆಂಟಿನ ಕೆಲಸ ಕಲಿಸುತ್ತಿತ್ತು. ಇದು ಆರು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು. ಆದರೆ 1946ರ ಜುಲೈ 4ರಂದು ಪೋಲೆಂಡಿನ ಕಿಯೆಲ್ಸೆಯಲ್ಲಿ ವಾಪಸ್ ಹೋಗಿದ್ದ ಯಹೂದಿಗಳ ಮೇಲೆ ಜನ ಮುಗಿಬಿದ್ದು 42 ಜನರನ್ನು ಕೊಂದರು. ಆಮೇಲೆ ಜನ ಪ್ರವಾಹದ ಹಾಗೆ ಈ ಕಡೆಗೇ ಬಂದರು. ಜರ್ಮನಿ, ಆಸ್ಟ್ರಿಯಾ, ಇಟಲಿ ಮೂರೂ ಸೇರಿ 1947ರ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಯಹೂದಿಗಳು ಹೀಗೆ ಶಿಬಿರಗಳಲ್ಲೂ ಹೊರಗೂ ಕಾಯುತ್ತಿದ್ದರು. ಅದೂ ಯಾರ ನೆಲದಲ್ಲಿ ನೋಡಿ.

ಸೆಪ್ಟೆಂಬರಿನಲ್ಲಿ ಆರೋಲ್ಸನ್‌ನಿಂದ ಮೇಲ್ ಬಂತು. ಕಾಗದಗಳ ಸ್ಕ್ಯಾನ್‌ಗಳಿಗೆ ಒಂದು ಲಿಂಕು. ಅಜ್ಜಿ ಕನ್ನಡಕ ಒರೆಸಿಕೊಂಡು ಬಂದು ಕೂತರು. "ಮೊದಲು ನೀವು ನೋಡಿ, ಹೆದರಿಕೆಯದ್ದು ಇದ್ದರೆ ಹೇಳಿ" ಅಂದರು. ನನಗೂ ಕೈ ನಡುಗುತ್ತಿತ್ತು, ಹೇಳಲಿಲ್ಲ.

ಮೊದಲನೆಯದು 1945ರ ನೋಂದಣಿ ಕಾರ್ಡು. ನಮ್ಮ ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ದೊಡ್ಡದಿರಬೇಕು, ತುಂಬಾ ಖಾನೆಗಳು, ಶಾಯಿ ಪೆನ್ನಿನ ಬರಹ. ರಾಷ್ಟ್ರೀಯತೆ ಅನ್ನುವ ಕಡೆ ಪೋಲಿಷ್ ಅಂತ ಬರೆದು, ಆಮೇಲೆ ಬೇರೆ ಪೆನ್ನಿನಲ್ಲಿ ಪಕ್ಕಕ್ಕೆ ಯಹೂದಿ ಅಂತ ಸೇರಿಸಿದ್ದಾರೆ. ಜೊತೆಯಲ್ಲಿರುವ ಕುಟುಂಬದವರ ಸಂಖ್ಯೆ ಸೊನ್ನೆ. ಅವಲಂಬಿತರು ಸೊನ್ನೆ. 1938ರ ಜನವರಿ 1ರಂದು ಎಲ್ಲಿ ವಾಸವಿದ್ದಿರಿ, ವೂಚ್. ಕಸುಬು, ಲೆಕ್ಕ ಬರೆಯುವವನು. ಬರುವ ಭಾಷೆಗಳು, ಚೆನ್ನಾಗಿ ಬರುವುದು ಮೊದಲು, ಯಿದ್ದಿಷ್, ಪೋಲಿಷ್, ಜರ್ಮನ್. ಕೈಯಲ್ಲಿರುವ ಹಣ, ಯಾವ ದೇಶದ್ದು ಎಷ್ಟು ಅಂತ ಒಂದು ಖಾನೆ ಇದೆ. ಅಲ್ಲಿ ಒಂದು ಗೀಟು. ಯುದ್ಧದ ಕೊನೆಗೆ ನಾಜಿಗಳು ಕೈದಿಗಳನ್ನು ಬೀಳುವವರೆಗೂ ನಡೆಸಿದ 'ಸಾಯುವ ನಡಿಗೆ'ಯಲ್ಲಿ ಬದುಕಿ ಬಂದವನ ಹತ್ತಿರ ದುಡ್ಡು ಎಷ್ಟಿದೆ ಅಂತ ಕೇಳುವ ಖಾನೆ ಯಾರಿಗೆ ಹೊಳೆಯಿತೋ. ಆದರೂ ಕೇಳಿದ್ದಾರೆ, ಅವರೂ ಉತ್ತರ ಕೊಟ್ಟಿದ್ದಾರೆ.

ನಾವಿಬ್ಬರೂ ಜಾಸ್ತಿ ಹೊತ್ತು ನಿಂತಿದ್ದು 'ಹೋಗಬಯಸುವ ಸ್ಥಳ' ಅನ್ನುವ ಖಾನೆಯ ಮುಂದೆ. ಮೊದಲು ವೂಚ್ ಅಂತ ಬರೆದಿದ್ದಾರೆ. ಅದನ್ನು ಹೊಡೆದು ಪ್ಯಾಲೆಸ್ಟೀನ್. ಪ್ಯಾಲೆಸ್ಟೀನಿನ ಮೇಲೆ ಗೀಟಿಲ್ಲ, ಆದರೆ ಕೆಳಗೆ ಚಿಕ್ಕದಾಗಿ ಅಮೆರಿಕ. ಮೂರೂ ಎರಡು ಬೆರಳಗಲದ ಜಾಗದಲ್ಲಿ. ಅಜ್ಜಿ ಪರದೆಯ ಮೇಲೆ ಬೆರಳಿಟ್ಟು "ಮೂರಕ್ಕೂ ಹೋಗಲಿಲ್ಲ" ಅಂದರು.

ಮುಂದಿನದು 1948ರ ನೆರವಿನ ಅರ್ಜಿ. ಅಷ್ಟೊತ್ತಿಗೆ ಉನ್ರಾ ಮುಚ್ಚಿ, 1947ರ ಜುಲೈನಿಂದ ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆ ಕೆಲಸ ವಹಿಸಿಕೊಂಡಿತ್ತು. ಇದು ಹಲವು ಪುಟ ಇದೆ, ಹಿಂದಿನ ಹತ್ತು ಹನ್ನೆರಡು ವರ್ಷ ಎಲ್ಲೆಲ್ಲಿ ಇದ್ದೆ, ಏನೇನು ಕೆಲಸ ಮಾಡಿದೆ, ಸಂಬಳ ಎಷ್ಟು, ಎಲ್ಲ ಬರೆಯಬೇಕು. ವಾಸಸ್ಥಳದ ಪಟ್ಟಿ ಹೀಗೆ ಇಳಿಯುತ್ತದೆ: ವೂಚ್, ವೂಚ್ ಘೆಟ್ಟೋ, 1944ರ ಆಗಸ್ಟ್ ಆಶ್ವಿಟ್ಸ್, ಆಮೇಲೆ ಕೌಫರಿಂಗ್, ಆಮೇಲೆ ಫ್ಯೋರೆನ್‌ವಾಲ್ಡ್. ಘೆಟ್ಟೋ ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಆಶ್ವಿಟ್ಸ್ ನಾಜಿಗಳ ಸಾವಿನ ಶಿಬಿರ, ಕೌಫರಿಂಗ್ ಅವರ ಕೂಲಿ ಶಿಬಿರ. ಬಾಡಿಗೆ ಮನೆ ಬದಲಾಯಿಸಿದ ಹಾಗೆ ಒಂದರ ಕೆಳಗೊಂದು. 'ಉದ್ಯೋಗದಾತ' ಅನ್ನುವ ಖಾನೆಯಲ್ಲೂ ಶಿಬಿರದ ಹೆಸರೇ.

ಇಲ್ಲಿ ಕಸುಬು ಮಾತ್ರ ಬದಲಾಗಿತ್ತು. 1945ರಲ್ಲಿ ಲೆಕ್ಕ ಬರೆಯುವವನು, 1948ರಲ್ಲಿ ದರ್ಜಿ! ಪಕ್ಕದಲ್ಲಿ ಓರ್ಟ್ ಶಾಲೆಯ ಹೊಲಿಗೆ ತರಬೇತಿ ಅಂತ ಸೇರಿಸಿದ್ದಾರೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಪ್ಪನಿಗೆ ಗುಂಡಿ ಹಾಕೋಕೂ ಬರ್ತಿರಲಿಲ್ಲ, ಎಲ್ಲ ಅಮ್ಮನೇ ಮಾಡಬೇಕಿತ್ತು" ಅಂದರು. ಯಾಕೆ ಹೀಗೆ ಬರೆಸಿದ್ದಾರೆ ಅಂತ ಹುಡುಕಿದಾಗ ಗೊತ್ತಾಯಿತು. ನಿರಾಶ್ರಿತರು ಅಂತ ಸುಮ್ನೆ ಕರೆದುಕೊಳ್ಳಲು ಯಾವ ದೇಶವೂ ತಯಾರಿರಲಿಲ್ಲ, ಕೆಲಸಗಾರರು ಬೇಕು ಅಂತ ಮಾತ್ರ ಕೇಳುತ್ತಿದ್ದರು. ಆ ಹೊತ್ತಿಗೆ ಕೆನಡಾದವರು ದರ್ಜಿಗಳು ಬೇಕು ಅಂತ ಶಿಬಿರಗಳಿಗೆ ಬಂದು ಆರಿಸುತ್ತಿದ್ದರು. ಹೊಲಿದು ತೋರಿಸಬೇಕಿತ್ತು. ಒಂದೇ ರಾತ್ರಿಯಲ್ಲಿ ಹೊಲಿಗೆ ಕಲಿತವರೂ, ಪರೀಕ್ಷಕರೇ ಕಣ್ಣುಮುಚ್ಚಿ ಪಾಸು ಮಾಡಿದವರೂ ಇದ್ದಾರೆ. ಅಜ್ಜಿಯ ಅಪ್ಪ ಆ ಅದೃಷ್ಟವಂತರಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಸುಳ್ಳು ಬರೆದಿದ್ದಕ್ಕೆ ನನಗೇನೂ ತಪ್ಪು ಅನಿಸಲಿಲ್ಲ. ವೀಸಾ ಅರ್ಜಿಯಲ್ಲಿ ನಾವೆಲ್ಲ ಇಂಗ್ಲಿಷ್ 'ಅತ್ಯುತ್ತಮ' ಅಂತ ಹಾಕಿಲ್ವಾ?

ಅಮೆರಿಕಕ್ಕೂ ಹಾಕಿದ್ದರು. 1948ರಲ್ಲಿ ಅಮೆರಿಕ ಇಂಥವರಿಗಾಗಿಯೇ ಒಂದು ಕಾನೂನು ಮಾಡಿತು. 1945ರ ಡಿಸೆಂಬರ್ 22ರ ಒಳಗೆ ಬಂದವರಿಗೆ ಮಾತ್ರ ಅಂತ ಗೆರೆ ಎಳೆದಿದ್ದರಿಂದ ಕಿಯೆಲ್ಸೆ ಆದ ಮೇಲೆ ಓಡಿಬಂದ ಯಹೂದಿಗಳೆಲ್ಲ ಹೊರಗುಳಿದರು, 1950ರಲ್ಲಿ ತಿದ್ದಿದರು. ಅಜ್ಜಿಯ ಅಪ್ಪನಿಗೆ ಈ ಗೆರೆಯ ತೊಂದರೆ ಇರಲಿಲ್ಲ. ತೊಂದರೆ ಕೊಟ್ಟಿದ್ದು ಶ್ವಾಸಕೋಶದ ಎಕ್ಸ್‌ರೇ. ಒಂದು ಪುಟದಲ್ಲಿ ಎದೆಗೂಡಿನ ಚಿತ್ರ ಅಚ್ಚು ಹಾಕಿದೆ, ಬಲಗಡೆ ಮೇಲ್ಭಾಗದಲ್ಲಿ ಡಾಕ್ಟರು ಪೆನ್ಸಿಲ್‌ನಿಂದ ಒಂದು ಪುಟ್ಟ ಸೊನ್ನೆ ಸುತ್ತಿದ್ದಾರೆ. ಕ್ಷಯ. ಆ ಸೊನ್ನೆ ಒಂದು ಅವರನ್ನು ಜರ್ಮನಿಯಲ್ಲೇ ಉಳಿಸಿತು.

ಗೌಟಿಂಗ್ ಅನ್ನುವಲ್ಲಿ ಕ್ಷಯದವರ ಆಸ್ಪತ್ರೆ ಇತ್ತು, ಶಿಬಿರದ ರೋಗಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಅಜ್ಜಿಗೆ ನಾಲ್ಕು ವರ್ಷವಿದ್ದಾಗ ಅಮ್ಮನ ಜೊತೆ ಹೋಗಿದ್ದ ನೆನಪಿದೆ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಕೆಳಗೆ ಹುಲ್ಲಿನ ಮೇಲೆ ನಿಂತು ಮೇಲೆ ಎಷ್ಟನೆಯದೋ ಕಿಟಕಿಯಲ್ಲಿ ಕೈಬೀಸುವ ಗಂಡಸು ಅಪ್ಪ ಅಂತ ಅಮ್ಮ ಹೇಳುತ್ತಿದ್ದರಂತೆ. "ಯಾರಿಗೆ ಕೈಬೀಸ್ತಿದ್ನೋ ಏನೋ, ಎಲ್ಲಾ ಕಿಟಕಿಯಲ್ಲೂ ಯಾರಾದ್ರೂ ಒಬ್ರು ಬೀಸ್ತಿದ್ರು."

ಇಸ್ರೇಲಿಗೋ ಅಮೆರಿಕಕ್ಕೋ ಹೋಗುವವರೆಲ್ಲ ಹೋದ ಮೇಲೆ ಉಳಿದಿದ್ದು ಇಂಥವರೇ, ರೋಗಿಗಳು, ವಯಸ್ಸಾದವರು, ಇಸ್ರೇಲಿಗೆ ಹೋಗಿ ಬಾಳಲಾರದೆ ವಾಪಸ್ ಬಂದವರು. ಉಳಿದ ಶಿಬಿರಗಳೆಲ್ಲ ಒಂದೊಂದಾಗಿ ಮುಚ್ಚಿ ಎಲ್ಲರನ್ನೂ ಫ್ಯೋರೆನ್‌ವಾಲ್ಡ್‌ಗೇ ತಂದು ಸೇರಿಸಿದರು. 1951ರ ಡಿಸೆಂಬರಿನಲ್ಲಿ ಶಿಬಿರದ ಆಡಳಿತ ಜರ್ಮನ್ನರ ಕೈಗೆ ಹೋಯಿತು. ಆ ಸುದ್ದಿ ಬಂದ ದಿನ ಶಿಬಿರದ ಹಿರಿಯರಿಗೆ ಏನನಿಸಿರಬಹುದು ಅಂತ ಯೋಚಿಸಿ. ಕೊನೆಯವರು ಹೊರಟಿದ್ದು 1957ರ ಫೆಬ್ರವರಿಯಲ್ಲಿ, ಯುದ್ಧ ಮುಗಿದು ಹತ್ತಿರ ಹನ್ನೆರಡು ವರ್ಷಕ್ಕೆ. ಅಜ್ಜಿಯ ಮನೆಯವರಿಗೆ ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಕೊಟ್ಟರು. ಹೊಸ ಶಾಲೆಯಲ್ಲಿ ಮೇಷ್ಟ್ರು ಎಲ್ಲಿಂದ ಬಂದೆ ಅಂದಾಗ ಇವರು "ಮಿಷಿಗನ್" ಅಂದಿದ್ದರಂತೆ. ಕ್ಲಾಸು ಪೂರ್ತಿ ಅಮೆರಿಕದ ಹುಡುಗಿ ಅಂತ ನಂಬಿ ಒಂದು ವಾರ ಮರ್ಯಾದೆ ಕೊಟ್ಟಿತಂತೆ.

ಕೊನೆಯ ಕಡತ ತೆಗೆಯುವಾಗ ಕಾಫಿ ಆರಿಹೋಗಿತ್ತು. ಅದು ಹುಡುಕಾಟದ ಕಡತ. ಆರೋಲ್ಸನ್ ಕಚೇರಿ ಹುಟ್ಟಿದ್ದೇ ಕಳೆದುಹೋದವರನ್ನು ಹುಡುಕುವುದಕ್ಕೆ. 1946ರಲ್ಲಿ ಆ ಊರಿಗೆ ಹೋಗಿ ನೆಲೆಯಾಯಿತು, ನಾಲ್ಕು ಸೈನ್ಯಗಳ ವಲಯಕ್ಕೂ ಹೆಚ್ಚುಕಡಿಮೆ ನಡುವಿನ ಊರು ಅಂತ. ಯುದ್ಧ ಮುಗಿದ ಹೊಸದರಲ್ಲಿ ಬದುಕಿದವರ ಹೆಸರುಪಟ್ಟಿಗಳನ್ನು ಅಚ್ಚು ಹಾಕಿಸಿ ಶಿಬಿರ ಶಿಬಿರಕ್ಕೆ ಹಂಚುತ್ತಿದ್ದರು, ಜನ ಗುಂಪಾಗಿ ನಿಂತು ಬೆರಳಾಡಿಸುತ್ತಾ ಓದುತ್ತಿದ್ದರು. ಅದರಲ್ಲಿ ಸಿಗದಿದ್ದರೆ ಇಲ್ಲಿಗೆ ಅರ್ಜಿ.

ಅಜ್ಜಿಯ ಅಪ್ಪ 1947ರಲ್ಲಿ ಎರಡು ಅರ್ಜಿ ಹಾಕಿದ್ದರು. ಒಂದು ಹೆಂಡತಿಗೆ, ಒಂದು ಮಗಳಿಗೆ. ಅಜ್ಜಿಯ ಅಮ್ಮನಿಗಿಂತ ಮುಂಚಿನ ಹೆಂಡತಿ. ಮಗಳು ಹುಟ್ಟಿದ್ದು 1937ರಲ್ಲಿ, ಕೊನೆಗೆ ಕಂಡಿದ್ದು 1942ರ ಸೆಪ್ಟೆಂಬರ್, ವೂಚ್ ಘೆಟ್ಟೋ. ಆ ಸೆಪ್ಟೆಂಬರಿನಲ್ಲಿ ಏನಾಯಿತು ಅನ್ನುವುದು ಇತಿಹಾಸದಲ್ಲಿದೆ. ಹತ್ತು ವರ್ಷದ ಒಳಗಿನ ಮಕ್ಕಳನ್ನೂ, ಮುದುಕರನ್ನೂ, ರೋಗಿಗಳನ್ನೂ ಒಪ್ಪಿಸಿ ಅಂತ ಜರ್ಮನ್ನರು ಆಜ್ಞೆ ಹಾಕಿದರು. ಕೆಲವೇ ದಿನದಲ್ಲಿ 15 ಸಾವಿರಕ್ಕೂ ಹೆಚ್ಚು ಜನರನ್ನು ಹೆಲ್ಮ್ನೊ ಅನ್ನುವ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. 1947ರಲ್ಲಿ ಅದು ಅಪ್ಪನಿಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿದ್ದೂ ಅರ್ಜಿ ಹಾಕಿದ್ದಾರೆ, ಮೈಮೇಲಿನ ಗುರುತು ಅನ್ನುವ ಕಡೆ ಎಡಮೊಣಕಾಲಿನ ಮಚ್ಚೆ ಅಂತ ಬರೆಸಿದ್ದಾರೆ. ಉತ್ತರ ಎರಡು ಸಾಲು, ಟೈಪ್ ಮಾಡಿದ್ದು. ಮಾಹಿತಿ ಸಿಕ್ಕಿಲ್ಲ.

ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಅಪ್ಪನಿಗೆ ಮೊದಲು ಇನ್ನೊಂದು ಸಂಸಾರ ಇತ್ತು ಅನ್ನುವ ಗುಮಾನಿ ಅವರಿಗೆ ಚಿಕ್ಕಂದಿನಿಂದ ಇತ್ತು. ಹೆಸರು ಗೊತ್ತಿರಲಿಲ್ಲ. ಅದನ್ನು ಎರಡು ಮೂರು ಸಲ ಮೆಲ್ಲಗೆ ಓದಿದರು, ಒತ್ತು ಎಲ್ಲಿ ಬರಬೇಕು ಅಂತ ಪರೀಕ್ಷೆ ಮಾಡುವ ಹಾಗೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

"ನಿಮ್ಮ ಭಾಷೆಯಲ್ಲಿ ಸಿಸ್ಟರ್‌ಗೆ ಏನಂತೀರಿ?" ಅಂತ ಕೇಳಿದರು. ಜರ್ಮನ್‌ನಲ್ಲಿ ದೊಡ್ಡವಳಿಗೂ ಚಿಕ್ಕವಳಿಗೂ ಒಂದೇ ಪದ. ನಮ್ಮಲ್ಲಿ ಹಾಗಿಲ್ಲ, ದೊಡ್ಡವಳು ಅಕ್ಕ, ಚಿಕ್ಕವಳು ತಂಗಿ ಅಂದೆ. "ಇವಳು?" ಅಂದರು. ನಿಮಗಿಂತ ಹನ್ನೊಂದು ವರ್ಷ ಮುಂಚೆ ಹುಟ್ಟಿದ್ದಾಳಲ್ಲ, ಅಕ್ಕ ಅಂದೆ. ಹೇಳಿದ ಮೇಲೆ ನನಗೇ ಗಂಟಲು ಕಟ್ಟಿತು, ಐದು ವರ್ಷದ ಮಗು ಅದು. ಅಜ್ಜಿಗೆ ಎಪ್ಪತ್ತೇಳು.

ಈಗ ಅಮ್ಮನ ಕಡೆಯ ಅರ್ಜಿ ಹಾಕಿದ್ದೇವೆ, ಜೊತೆಗೆ ಅಕ್ಕನ ಹೆಸರಿನಲ್ಲೂ ಒಂದು. ಈ ಸಲ ಅಜ್ಜಿಯೇ ಟೈಪ್ ಮಾಡಿದರು, ಎರಡು ಬೆರಳಲ್ಲಿ. ಕಾಗುಣಿತ ಅಪ್ಪ ಬರೆಸಿದ ಹಾಗೇ ಇರಲಿ ಅಂದರು. 'ಹುಡುಕುತ್ತಿರುವ ಕಾರಣ' ಅನ್ನುವ ಖಾನೆಗೆ ಬಂದಾಗ ಏನು ಹಾಕಲಿ ಅಂತ ನನ್ನ ಕಡೆ ನೋಡಿದರು. ನನಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ 1947ರಲ್ಲಿ ಕೇಳಿದ್ದರು" ಅಂತ ಬರೆದು ಕಳಿಸಿದರು.